ಚಪ್ಪಾಳೆ ಬೀಳುವ ಜಾಗ

ಫೆಬ್ರವರಿ ೩

ಅಕ್ಕಾ,

ಫೋನಿನಲ್ಲಿ ನನ್ನಿಂದ "ಹೂಂ" ಬಿಟ್ಟು ಬೇರೆ ಮಾತು ಹೊರಡುವುದಿಲ್ಲ ಎಂದು ನೀನು ಸಿಡುಕಿದ್ದು ನ್ಯಾಯವೇ. ಏನು ಮಾಡಲಿ, ಕಿವಿಯ ಹತ್ತಿರ ಇನ್ನೊಬ್ಬರ ಉಸಿರು ಕೇಳಿಸಿದರೆ ಹೇಳಬೇಕಾದದ್ದೆಲ್ಲ ಗಂಟಲಿನಲ್ಲೇ ಕೂತುಬಿಡುತ್ತದೆ. ಅದಕ್ಕೇ ಕಾಗದ. ಬೇಕಾದರೆ ನಗು.

ಕೆಲಸ ಏನು ಎಂದು ಕೇಳಿದ್ದೆಯಲ್ಲ. ಸೇರಿಸಿಕೊಂಡದ್ದು ಅಕ್ಷರದ ತಪ್ಪು ತಿದ್ದುವುದಕ್ಕೆ. ಪಕ್ಷದ ಕಚೇರಿಯ ಎರಡನೆಯ ಮಹಡಿಯಲ್ಲಿ, ಮುದ್ರಣ ಯಂತ್ರದ ಕೋಣೆಗೂ ಮೆಟ್ಟಿಲಿಗೂ ನಡುವೆ, ಬಾಗಿಲಿಲ್ಲದ ಒಂದು ಜಾಗವಿದೆ. ಅಲ್ಲೊಂದು ಉದ್ದ ಮೇಜು. ಅದರ ತುದಿಯಲ್ಲಿ ಕೂರುವವರು ಮೇಷ್ಟ್ರು. ನಾಯಕರ ಭಾಷಣಗಳೆಲ್ಲ ಹುಟ್ಟುವುದು ಅವರ ಕೈಯಲ್ಲಿ. ಹಿಂದೆ ಶಾಲೆಯಲ್ಲಿ ಪಾಠ ಹೇಳುತ್ತಿದ್ದರಂತೆ. ಆಗಿನ ರೂಲುದೊಣ್ಣೆಯಿಂದ ಈಗ ಮೇಜು ತಟ್ಟಿ ವಾಕ್ಯದ ಲಯ ನೋಡುತ್ತಾರೆ. ತಿದ್ದುವಾಗ ನನ್ನ ತುಟಿ ಆಡುವುದನ್ನು ಗಮನಿಸಿ, "ಸಾಹಿತ್ಯ ಓದಿದವಳು, ಕಿವಿ ಇದೆ. ಬರೆದು ನೋಡು," ಎಂದರು. ಹಾಗೆ ಶುರುವಾಯಿತು.

ಅಕ್ಕಾ, ಪರೀಕ್ಷೆಗೆಂದು ಅಲಂಕಾರಗಳ ಲಕ್ಷಣಗಳನ್ನು ಬಾಯಿಪಾಠ ಮಾಡುವಾಗ ನೀನು ಪುಸ್ತಕ ಹಿಡಿದು ನನ್ನನ್ನು ಕೇಳುತ್ತಿದ್ದೆ. ಅವಕ್ಕೆ ಇಂಥ ತೋಳ್ಬಲ ಇದೆ ಎಂದು ಅಂದು ಇಬ್ಬರಿಗೂ ಗೊತ್ತಿರಲಿಲ್ಲ. ನಾಯಕರ ಹಾಳೆಯಲ್ಲಿ ಅಕ್ಷರ ಹೆಬ್ಬೆರಳಿನಷ್ಟು ದಪ್ಪ. ಒಂದು ಗೀಟು ಹಾಕಿದರೆ ಉಸಿರು. ಎರಡು ಗೀಟು ಹಾಕಿದರೆ ಚಪ್ಪಾಳೆ ಬೀಳುವ ಜಾಗ, ಅಲ್ಲಿ ಕಾಯಬೇಕು. "ನಾನು" ಎಂದು ಬರೆದರೆ ಮೇಷ್ಟ್ರು ಹೊಡೆದುಹಾಕಿ "ನಾವು" ಮಾಡುತ್ತಾರೆ. ಪ್ರಶ್ನೆ ಇರಬೇಕು, ಆದರೆ ಯಾರೂ ಉತ್ತರ ಕೊಡಲಾಗದ ಪ್ರಶ್ನೆ. ವಾಕ್ಯಗಳು ಒಂದೇ ಮಾತಿನಿಂದ ಶುರುವಾದರೆ ಕೇಳುವವನು ಎರಡನೆಯದಕ್ಕೇ ಮನಸ್ಸಿನಲ್ಲಿ ಜೊತೆ ಸೇರುತ್ತಾನೆ. ಮೂರನೆಯದು ಅವನದೇ ಮಾತಾಗಿಬಿಡುತ್ತದೆ.

ಮೊನ್ನೆ ಹೀಗಾಯಿತು. ನದಿ ದಂಡೆಯ ಊರುಗಳ ಪ್ರವಾಸಕ್ಕೆ ಭಾಷಣ ಬರೆಯಬೇಕಿತ್ತು. ಮೇಲಿನಿಂದ ಬಂದ ವಿಷಯ ಎರಡು, ಶಿಕ್ಷಕರು ಮತ್ತು ಔಷಧಿ. ನಾನು ಎರಡನ್ನೂ ಜೋಡಿಸಿ ಓದಿದೆ. ರೂಲುದೊಣ್ಣೆ ಗಾಳಿಯಲ್ಲೇ ನಿಂತಿತು.

"ಇದೇನಮ್ಮ, ಎರಡು ಕಾಲಿನ ಸ್ಟೂಲು. ಕೂತವನು ಬೀಳ್ತಾನೆ. ಇನ್ನೊಂದು ಕಾಲು ಹಾಕು."

"ಏನು ಹಾಕಲಿ ಸರ್?"

"ಏನಾದ್ರೂ ಹಾಕು. ಮೊದಲಿನ ಎರಡಕ್ಕಿಂತ ಉದ್ದ ಇರಲಿ, ಬಾಯಿ ತುಂಬ ಬರಲಿ."

ಪರೀಕ್ಷೆಯ ದಿನವೂ ಭಾವ ತಮ್ಮ ದೋಣಿಯಲ್ಲಿ ಮಕ್ಕಳನ್ನು ದಾಟಿಸಿದ್ದು, ಗಾಳಿ ಎದ್ದಾಗ ಹೆರಿಗೆ ನೋವಿನ ಹೆಂಗಸು ಮಧ್ಯಾಹ್ನದವರೆಗೆ ದಡದಲ್ಲಿ ಕಾದದ್ದು, ಎಲ್ಲ ನೀನು ಹಿಂದಿನ ಕಾಗದದಲ್ಲಿ ಬರೆದಿದ್ದೆ. ಅದು ಕಣ್ಣ ಮುಂದೆ ಬಂತು. ಮೂರನೆಯದನ್ನು ಬರೆದೆ. ಮೇಷ್ಟ್ರು ಮೇಜಿಗೆ ಜೋರಾಗಿ ತಟ್ಟಿದರು.

ಭಾನುವಾರ ನಾಯಕರು ನಿಮ್ಮ ಕಟ್ಟೆಗೇ ಬರುತ್ತಾರೆ. ಮೂರನೆಯದು ಬಂದಾಗ ನನ್ನನ್ನು ನೆನೆಸಿಕೋ. ಅದು ನನ್ನದು.

ನಿನ್ನ ತಂಗಿ


ಫೆಬ್ರವರಿ ೧೨

ಮೌನಗೌರಿ,

ಇಷ್ಟು ದೊಡ್ಡ ವಿಷಯ ಬಚ್ಚಿಟ್ಟುಕೊಂಡು ಸ್ಟೂಲಿನ ಕಥೆ ಬರೆಯುತ್ತೀಯಲ್ಲ, ಕಳ್ಳಿ.

ಸಭೆ ದೋಣಿ ಕಟ್ಟುವ ಕಟ್ಟೆಯ ಮೇಲೆಯೇ ಆಯಿತು. ನನ್ನ ಟಿಕೆಟ್ಟಿನ ಗೂಡಿಗೆ ಒರಗಿಸಿ ಮೈಕಿನ ಕಂಬ ನಿಲ್ಲಿಸಿದ್ದರಿಂದ ಗೂಡಿನೊಳಗೆ ಕೂತೇ ಎಲ್ಲ ಕೇಳಿದೆ. ನಾಯಕರು ಮೊದಲು ಏನೂ ಮಾತಾಡಲಿಲ್ಲ. ಸುಮ್ಮನೆ ನದಿ ನೋಡಿದರು, ಆಮೇಲೆ ನಮ್ಮನ್ನು ನೋಡಿದರು. ಅಷ್ಟಕ್ಕೇ ಜನ ಮೆತ್ತಗಾದರು. "ಎಷ್ಟು ವರ್ಷ ಕಾದಿರಿ?" ಎಂದು ಕೇಳಿದರು. ನಮ್ಮ ಇಟ್ಟಿಗೆ ಭಟ್ಟಿಯ ಗುಮಾಸ್ತ ಇದ್ದಾನಲ್ಲ, ಕೇಳಿದ್ದಕ್ಕೆಲ್ಲ ಲೆಕ್ಕ ಹೇಳುವವನು, ಅವನು ಎದ್ದು "ಹತ್ತೊಂಬತ್ತು" ಅಂದ. ಪಕ್ಕದವರು ಅಂಗಿ ಹಿಡಿದು ಕೂರಿಸಿದರು.

ಆಮೇಲೆ ನಿನ್ನ ಮೂರು ಬಂತು. ಈಗ ಕಟ್ಟೆಯಲ್ಲಿ ಅದು ಎಲ್ಲರ ಬಾಯಲ್ಲಿದೆ. "ನಿಮ್ಮ ಮಕ್ಕಳಿಗೆ ಶಿಕ್ಷಕರು ಬರುತ್ತಾರೆ. ನಿಮ್ಮ ಕಾಯಿಲೆಗೆ ಔಷಧಿ ಬರುತ್ತದೆ. ನಿಮ್ಮ ನದಿಗೆ, ನಿಮ್ಮ ಈ ನದಿಗೆ, ಸೇತುವೆ ಬಂದೇ ಬರುತ್ತದೆ."

ನಿನ್ನ ಭಾವ ಕೈ ಕಟ್ಟಿಕೊಂಡು ದೋಣಿಯ ಪಕ್ಕದಲ್ಲಿ ನಿಂತಿದ್ದರು. ನಾನು ಅವರನ್ನೇ ನೋಡುತ್ತಿದ್ದೆ. ಶಿಕ್ಷಕರು ಬಂದಾಗ ಕೈ ಬಿಚ್ಚಿದರು. ಔಷಧಿ ಬಂದಾಗ ಮುಂದೆ ಬಂದರು. ಸೇತುವೆ ಬಂದಾಗ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದರು. ದೋಣಿ ನಡೆಸುವ ಮನುಷ್ಯ. ನಮ್ಮ ಮದುವೆಯ ಫೋಟೋದಲ್ಲೂ ಅವರ ಮುಖ ಅಷ್ಟು ಅರಳಿಲ್ಲ.

ಸಂಜೆ ದೋಣಿಯಲ್ಲಿ ನಾನು ಎಲ್ಲರಿಗೂ ಹೇಳಿದೆ, ಇದು ನನ್ನ ತಂಗಿ ಹಾಕಿಸಿದ್ದು, ಅವಳು ನಾಯಕರ ಕಚೇರಿಯಲ್ಲೇ ಇದ್ದಾಳೆ, ನಮ್ಮ ಕಷ್ಟ ಅವಳಿಗೆ ಗೊತ್ತು ಎಂದು. ಸೇತುವೆಯ ಮೊದಲ ಕಂಬ ತನ್ನ ಅಂಗಡಿಯ ಪಕ್ಕದಲ್ಲೇ ಏಳುತ್ತದೆ ಎಂದು ಕ್ಷೌರದವನು ಈಗಲೇ ಬೆಂಚು ಸರಿಸಿದ್ದಾನೆ.

ಯಾವಾಗ ಶುರು? ಎಲ್ಲಿಂದ ಎಲ್ಲಿಗೆ? ಗುಟ್ಟಾದರೆ ಗುಟ್ಟಾಗಿಯೇ ಬರೆ. ನಿನ್ನ ಭಾವ ಬಾಯಿ ಬಿಟ್ಟು ಕೇಳುವುದಿಲ್ಲ, ಆದರೆ ಅಂಚೆಯವನನ್ನು ಕಂಡರೆ ಎಂಜಿನ್ ನಿಲ್ಲಿಸುತ್ತಾರೆ.

ಅಕ್ಕ


ಫೆಬ್ರವರಿ ೨೧

ಅಕ್ಕಾ,

ಸೇತುವೆ ಹಾಕಿಸುವಷ್ಟು ದೊಡ್ಡವಳು ನಾನಲ್ಲ. ಮೂರನೆಯದು ನನ್ನದು ಎಂದದ್ದು ಬರವಣಿಗೆಯ ಮಟ್ಟಿಗೆ. ವೇದಿಕೆಯ ಮಾತಿಗೂ ಕಡತದೊಳಗಿನ ಯೋಜನೆಗೂ ನಡುವೆ ಸ್ವಲ್ಪ ದೂರ ಇರುತ್ತದೆ, ಅದನ್ನು ದಾಟಲು ಸಮಯ ಬೇಕಾಗುತ್ತದೆ. ಕಡತದಲ್ಲಿ ಏನಿದೆ ಎಂದು ವಿಚಾರಿಸುತ್ತಿದ್ದೇನೆ. ಊರಿನವರಿಗೆ ಸದ್ಯ ಹೆಚ್ಚೇನೂ ಹೇಳಬೇಡ. ಭಾವನಿಗೂ ಅವಸರ ಬೇಡ ಎನ್ನು.

ಇಲ್ಲಿ ಕೆಲಸ ಜಾಸ್ತಿ. ನನ್ನ ಕುರ್ಚಿಯ ಎದುರಿಗಿರುವ ಕಿಟಕಿ ತೆರೆದರೆ ಪಕ್ಕದ ಕಟ್ಟಡದ ಗೋಡೆ, ಅದರ ಮೇಲೊಂದು ನೀರಿನ ಕೊಳವೆ. ಮೇಷ್ಟ್ರು ಈಗ ವಿರೋಧದ ವಾಕ್ಯಗಳನ್ನು ಕಲಿಸುತ್ತಿದ್ದಾರೆ. "ಅವರು ಕೇಳಿದ್ದು ನಿಮ್ಮ ಮತ, ನಾವು ಕೇಳುವುದು ನಿಮ್ಮ ಮಾತು" ಎಂಬಂಥವು. ಇದಕ್ಕೆ ಅರ್ಥ ಏನು ಸರ್ ಎಂದು ಕೇಳಿದೆ. ತಕ್ಕಡಿಯ ಎರಡು ತಟ್ಟೆ ಸಮ ಇದ್ದರೆ ಒಳಗೇನಿದೆ ಎಂದು ಯಾರೂ ನೋಡುವುದಿಲ್ಲ ಎಂದರು. ಅವರು ತಮಾಷೆ ಮಾಡುತ್ತಿದ್ದಾರೋ ಇಲ್ಲವೋ ನನಗೆ ಗೊತ್ತಾಗುವುದಿಲ್ಲ.

ಭಾವನ ಭುಜದ ನೋವು ಹೇಗಿದೆ?

ನಿನ್ನ ತಂಗಿ


ಮಾರ್ಚ್ ೭

ತಂಗೀ,

ನಿನ್ನ ಕಾಗದ ಮೂರು ಸಲ ಓದಿದೆ. ಕೊಳವೆ ಇದೆ, ತಕ್ಕಡಿ ಇದೆ, ಸೇತುವೆ ಇಲ್ಲ. ಸ್ವಲ್ಪ ತಡವಾಗುತ್ತದೆ ಎಂದು ಮಾತ್ರ ಅರ್ಥವಾಯಿತು. ಆಗಲಿ, ಹತ್ತೊಂಬತ್ತು ವರ್ಷ ಕಾದವರಿಗೆ ಇನ್ನೆರಡು ವರ್ಷ ಏನು ದೊಡ್ಡದು.

ಆದರೆ ನಿನ್ನ ಭಾವ ಕಾಯುವವರಲ್ಲ. ಕೆಳಗಿನ ಊರಿನ ಮರಳಿನವನು ದೋಣಿ ಕೇಳಿಕೊಂಡು ಬಂದಿದ್ದ. ಕೂರುವ ಹಲಗೆಗಳನ್ನೆಲ್ಲ ಕಿತ್ತು ಮರಳು ತುಂಬುತ್ತಾನಂತೆ. ಇವರ ವಾದ ಏನು ಗೊತ್ತಾ? ನದಿಯಲ್ಲಿ ಕಂಬ ಎದ್ದ ಮೇಲೆ ಈ ದೋಣಿಯನ್ನು ಯಾರೂ ಮೂಸಿಯೂ ನೋಡುವುದಿಲ್ಲ, ಕೊಡುವುದಾದರೆ ಈಗಲೇ ಕೊಡಬೇಕು. ಆಮೇಲೆ ಸೇತುವೆ ಕೆಲಸಕ್ಕೆ ನದಿ ಬಲ್ಲವರು ಬೇಕಾಗುತ್ತಾರೆ, ಅಲ್ಲಿ ಸೇರಿಕೊಳ್ಳುತ್ತಾರಂತೆ. ನೀನು ಒಂದು ಮಾತು ಹೇಳಿದರೆ ಆಯಿತಂತೆ.

ನಾನು ಬೇಡ ಅಂದೆ. ಮೊದಲು ಅವಳ ಬಾಯಿಂದ ಖಚಿತ ಮಾಡಿಕೊಳ್ಳಿ ಅಂದೆ. ಅಷ್ಟರಲ್ಲಿ ಮಂಗಳವಾರ ನೀನೇ ಫೋನ್ ಮಾಡಿದೆಯಂತೆ. ನಾನು ಆಚೆ ದಡದಲ್ಲಿದ್ದೆ. ಇವರು "ಸೇತುವೆ ಖಚಿತ ತಾನೇ?" ಎಂದು ಕೇಳಿದರಂತೆ, ನೀನು "ಹೂಂ" ಅಂದೆಯಂತೆ. "ಯೋಚನೆ ಇಲ್ಲ ತಾನೇ?" ಅಂದರಂತೆ, ಅದಕ್ಕೂ "ಹೂಂ". ಇಟ್ಟುಬಿಟ್ಟೆಯಂತೆ. ಇವರು ಹೋಗಿ ಮರಳಿನವನ ಕೈ ಕುಲುಕಿ ಬಂದರು. ತಿಂಗಳ ಕೊನೆಗೆ ದೋಣಿ ಅವನದು.

ಹತ್ತು ವಾಕ್ಯ ಇಂಪಾಗಿ ಬರೆಯುವವಳು ಫೋನಿನಲ್ಲಿ ಒಂದು ವಾಕ್ಯ ನೆಟ್ಟಗೆ ಹೇಳಬಾರದಾ? ಏನಾದರೂ ಇದ್ದರೆ ಬಾಯಿಬಿಡು. ನನಗೆ ತಲೆ ಕೆಟ್ಟಿದೆ.

ಅಕ್ಕ


ಮಾರ್ಚ್ ೧೧

ಅಕ್ಕಾ,

ಸೇತುವೆ ಇಲ್ಲ. ಯಾವ ಕಡತದಲ್ಲೂ ಇಲ್ಲ. ಯಾರೂ ನದಿ ಅಳೆದಿಲ್ಲ. ಮೂರನೆಯ ವಾಕ್ಯ ಬೇಕಾಗಿತ್ತು, ನಾನು ಬರೆದೆ. ಬರೆಯುವಾಗ ನಿಮಗೆ ಒಳ್ಳೆಯದು ಮಾಡುತ್ತಿದ್ದೇನೆ ಎಂದೇ ನನಗೆ ಅನಿಸಿತ್ತು.

ದೋಣಿ ಕೊಡಬೇಡಿ. ಇದನ್ನು ಹೇಳುವುದಕ್ಕೇ ಫೋನ್ ಮಾಡಿದ್ದು. ನಿನ್ನ ದನಿಗೆ ಸಿದ್ಧಳಾಗಿದ್ದೆ, ಭಾವ ಎತ್ತಿದರು. ಅಷ್ಟು ಸಂತೋಷದ ದನಿಯಲ್ಲಿ ಅವರು ಮಾತಾಡಿದ್ದನ್ನು ನಾನು ಕೇಳಿಯೇ ಇರಲಿಲ್ಲ. ಆ ಎರಡು ಹೂಂ ನನ್ನವೇ. ಬೇರೆ ಯಾರ ಮೇಲೂ ಹಾಕುವುದಿಲ್ಲ.

ಮೇಷ್ಟ್ರ ಹತ್ತಿರ ಹೋಗಿ ಆ ವಾಕ್ಯ ತೆಗೆಯಿರಿ ಎಂದೆ.

"ಯಾಕೆ, ಲಯ ಕೆಡ್ತಾ?"

"ಸುಳ್ಳು ಸರ್ ಅದು."

"ಸೇತುವೆ ಬೇಕು ಅನ್ನೋದು ಸುಳ್ಳಾ?"

"ಬೇಕು ಅಂತ ಬರೆದಿಲ್ಲ, ಬಂದೇ ಬರುತ್ತೆ ಅಂತ ಬರೆದಿದ್ದೇನೆ."

"ಬೇಕು ಅಂದ್ರೆ ಯಾರಮ್ಮ ಚಪ್ಪಾಳೆ ಹೊಡೀತಾರೆ? ಅದು ಅವರಿಗೇ ಗೊತ್ತಿರೋ ವಿಷಯ." ಆಮೇಲೆ ಕನ್ನಡಕ ತೆಗೆದು ಒರೆಸಿಕೊಂಡು, "ನೋಡು, ಎರಡು ಗೀಟು ಹಾಕಿರೋದು ಅಲ್ಲೇ. ಅದನ್ನ ತೆಗೆದ್ರೆ ಇಡೀ ಭಾಷಣಕ್ಕೆ ಸೊಂಟ ಇಲ್ಲ," ಎಂದರು.

ನಿಮ್ಮ ಊರಿನ ನಂತರ ಆ ಮೂರನ್ನು ಇನ್ನೂ ಎಷ್ಟೋ ಕಡೆ ಹೇಳಿದ್ದಾರೆ. ಒಂದು ಊರಿನಲ್ಲಿ ಸೇತುವೆ ಆಗಲೇ ಇದೆ. ಜನ ಅದರ ಮೇಲೆಯೇ ನಡೆದು ಸಭೆಗೆ ಬಂದರು, ಸೇತುವೆ ಬಂದೇ ಬರುತ್ತದೆ ಎಂಬ ಮಾತಿಗೆ ಚಪ್ಪಾಳೆ ತಟ್ಟಿದರು, ಅದರ ಮೇಲೆಯೇ ಮನೆಗೆ ಹೋದರು. ಜೊತೆಗೆ ಹೋದ ಚಾಲಕ ಇದನ್ನು ಹೇಳಿದಾಗ ಮುದ್ರಣದ ಕೋಣೆಯವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನು ಕಿಟಕಿಯ ಕಡೆ ತಿರುಗಿದೆ.

ಈ ಕಾಗದವನ್ನು ಭಾವನಿಗೆ ಓದಿ ಹೇಳು. ಒಂದಕ್ಷರ ಬಿಡಬೇಡ.

ನಿನ್ನ ತಂಗಿ


ಮಾರ್ಚ್ ೧೮

ಓದಿ ಹೇಳಿದೆ. ಒಂದಕ್ಷರ ಬಿಡಲಿಲ್ಲ.

ಅವರು ನಂಬಲಿಲ್ಲ.

ಮೊದಲು "ಪಾಪ, ಯಾರೋ ಅವಳನ್ನ ಹೆದರಿಸಿದ್ದಾರೆ" ಅಂದರು. ಆಮೇಲೆ "ಕಂಬ ಏಳೋ ಜಾಗದಲ್ಲಿ ಯಾರೂ ಮುಂಚೆ ಬೇಲಿ ಹಾಕಬಾರದು ಅಂತ ಕಚೇರಿಯವರು ಹೀಗೆ ಬರೆಸ್ತಾರೆ" ಅಂದರು. ಇದು ಕ್ಷೌರದವನ ತಲೆಯಿಂದ ಬಂದದ್ದು. ನಾನು ಕೂಗಾಡಿದೆ. "ಅಲ್ಲ ರೀ, ಅವಳೇ ಇಲ್ಲ ಅಂತ ಬರೆದಿದ್ದಾಳಲ್ಲ, ಇನ್ನೇನು ಬೇಕು ನಿಮಗೆ?" ಅದಕ್ಕೆ ಏನಂದರು ಗೊತ್ತಾ? "ಆವತ್ತು ಕಟ್ಟೆ ಮೇಲೆ ಕೇಳಿದಾಗ ಎದೆಗೆ ತಾಕಿತ್ತು ಕಣೇ. ಇದು ತಾಕಲ್ಲ. ನಿಜ ಆಗಿದ್ರೆ ತಾಕಬೇಕಿತ್ತು."

ಇದಕ್ಕೆ ನಾನೇನು ಹೇಳಲಿ? ಸುಳ್ಳಿಗೆ ಮೂರು ಕಾಲು ಹಾಕಿ, ಗೀಟು ಹಾಕಿ, ಮೈಕು ಹಿಡಿಸಿ ಕಳಿಸಿದೆ. ನಿಜವನ್ನು ಮಾತ್ರ ಅಂಗಡಿಗೆ ಸಾಮಾನು ತರಲು ಬರೆದುಕೊಟ್ಟ ಹಾಗೆ ಬರೆದಿದ್ದೀಯ. ಸೇತುವೆ ಇಲ್ಲ. ಕಡತದಲ್ಲಿ ಇಲ್ಲ. ಯಾರಿಗೆ ನಾಟಬೇಕು ಇದು?

ತಿಂಗಳ ಕೊನೆಗೆ ಮರಳಿನವನು ಬರುತ್ತಾನೆ. ದೋಣಿ ಹೋದರೆ ನಾವು ಮಾತ್ರ ಅಲ್ಲ, ಈ ದಡದವರೆಲ್ಲ ಕೈಕಟ್ಟಿ ಕೂರಬೇಕು. ನಿನಗೆ ಅಂಥ ವಿದ್ಯೆ ಇದ್ದರೆ ಅದನ್ನು ನಿನ್ನ ಭಾವನ ಮೇಲೆ ಪ್ರಯೋಗಿಸು. ಅವರು ನಂಬುವ ಹಾಗೆ ಬರೆ.

ಅಕ್ಕ


ಮಾರ್ಚ್ ೨೩

ಅಕ್ಕಾ,

ನೀನು ಹೇಳಿದ್ದಕ್ಕೆ ಅತ್ತುಬಿಟ್ಟೆ. ಆಮೇಲೆ ಕೂತು ಬರೆದೆ. ಜೊತೆಗಿರುವ ಹಾಳೆಯನ್ನು ನೀನು ಗಟ್ಟಿಯಾಗಿ ಓದಬೇಕು. ಒಂದು ಗೀಟು ಇರುವಲ್ಲಿ ಉಸಿರು, ಎರಡು ಗೀಟು ಇರುವಲ್ಲಿ ಸುಮ್ಮನಿರು, ಭಾವನ ಮುಖ ನೋಡು.

ನಿಜ ಹೇಳುವುದಕ್ಕೂ ಅದೇ ಉಪಾಯ ಬಳಸಬೇಕಾಯಿತಲ್ಲ ಎಂದು ನನಗೆ ಮೈ ಉರಿಯುತ್ತಿದೆ. ನನ್ನದು ಒಂದೇ ಹಟ. ದೋಣಿ ಮಾಡಿದ ಉಪಕಾರ ಹೇಳುವಲ್ಲಿ ಮೂರು ಬೇಕು. ನನಗೆ ಗೊತ್ತಿರುವುದು ನೀನು ಬರೆದಿದ್ದ ಎರಡೇ. ಮೂರನೆಯದನ್ನು ಹುಟ್ಟಿಸಲಾರೆ. ಅಲ್ಲಿ ಹಾಗೇ ನಿಲ್ಲಿಸಿದ್ದೇನೆ. ಕುಂಟಿದರೆ ಕುಂಟಲಿ.

ನಿನ್ನ ತಂಗಿ

*

ದೋಣಿ ಹಳೆಯದು ಎನ್ನುವವರು ಎನ್ನಲಿ. / ದೋಣಿ ನಿಧಾನ ಎನ್ನುವವರು ಎನ್ನಲಿ. / ದೋಣಿಯ ಕಾಲ ಮುಗಿಯಿತು ಎನ್ನುವವರು ಬಂದು ಈ ದಡದಲ್ಲಿ ಒಂದು ಮಧ್ಯಾಹ್ನ ಕಾಯಲಿ. //

ಕಂಬ ಎಲ್ಲಿದೆ? / ಕಬ್ಬಿಣ ಎಲ್ಲಿದೆ? / ನದಿಯ ಆಳ ನೋಡಲು ಬಂದ ಒಬ್ಬ ಮನುಷ್ಯ ಎಲ್ಲಿದ್ದಾನೆ? //

ನಾವು ಕೇಳಿದ್ದು ಸೇತುವೆ. / ನಮಗೆ ಸಿಕ್ಕಿದ್ದು ಸೇತುವೆಯ ಹೆಸರು. / ಹೆಸರಿನ ಮೇಲೆ ಕಾಲಿಟ್ಟು ಯಾರು ನದಿ ದಾಟುತ್ತಾರೆ? //

ಪರೀಕ್ಷೆಯ ದಿನ ಮಕ್ಕಳನ್ನು ದಾಟಿಸಿದ್ದು ಈ ದೋಣಿ. / ಹೆರಿಗೆಯ ನೋವಿನವಳನ್ನು ಗಾಳಿ ಇಳಿದ ಕೂಡಲೇ ದಾಟಿಸಿದ್ದು ಈ ದೋಣಿ. //


ಮಾರ್ಚ್ ೩೧

ತಂಗೀ,

ದೋಣಿ ಉಳಿಯಿತು. ಮೊದಲು ಅದನ್ನು ಹೇಳಿಬಿಡುತ್ತೇನೆ, ಉಳಿದದ್ದು ನಿನಗೆ ಹಿಡಿಸುವುದಿಲ್ಲ.

ಮನೆಯಲ್ಲಿ ಓದಿದರೆ ಎದ್ದು ಹೋಗುತ್ತಾರೆ ಎಂದು ದೋಣಿಯಲ್ಲೇ, ನದಿಯ ನಡುವೆ ಓದಿದೆ. ಚುಕ್ಕಾಣಿ ಬಿಟ್ಟು ಎಲ್ಲಿಗೆ ಹೋಗುತ್ತಾರೆ? ಬೆಳಗಿನ ಹೊತ್ತು, ಸಂತೆಗೆ ಹೋಗುವವರೆಲ್ಲ ಇದ್ದರು. "ಕಂಬ ಎಲ್ಲಿದೆ" ಎನ್ನುವ ಹೊತ್ತಿಗೆ ಜನ ಬುಟ್ಟಿ ಸರಿಸಿಕೊಂಡು ನನ್ನ ಕಡೆ ತಿರುಗಿದರು. ಅಷ್ಟು ಜನ ನನ್ನ ಮಾತಿಗೆ ಬಾಯಿಮುಚ್ಚಿ ಕೂತದ್ದು ನನಗೆ ಇಷ್ಟವಾಯಿತು, ಹೇಳಿಕೊಳ್ಳಲು ನಾಚಿಕೆ. ಇನ್ನೂ ಸ್ವಲ್ಪ ಇದ್ದಿದ್ದರೆ ಅನಿಸಿತು.

ಕೊನೆಯ ಎರಡು ಸಾಲು ಓದಿ ನಿಲ್ಲಿಸಿದೆ. ಇವರು ಕಾದರು. ಎಲ್ಲರೂ ಕಾದರು.

"ಇನ್ನೊಂದು?" ಅಂದರು ಇವರು.

"ಇಲ್ಲ. ಅಷ್ಟೇ ಬರೆದಿದ್ದಾಳೆ."

"ಅದು ಹೇಗೆ? ಇನ್ನೊಂದು ಇರಲೇಬೇಕು."

"ಅವಳಿಗೆ ಗೊತ್ತಿರೋದು ಎರಡೇ ಅಂತೆ. ಗೊತ್ತಿಲ್ಲದ್ದನ್ನ ಬರೆಯಲ್ಲ ಅಂತೆ."

ಇವರು ಎಂಜಿನ್ ನಿಧಾನ ಮಾಡಿದರು. "ಆವತ್ತು ಕಟ್ಟೆ ಮೇಲೂ ಹೀಗೇ ಇತ್ತು," ಅಂದರು. "ಒಂದು, ಎರಡು, ಆಮೇಲೆ ಮೈ ಜುಮ್ಮನ್ನೋದು. ಅದೇ ಕೈ. ಅದನ್ನ ಬರೆದಿದ್ದು ಇವಳೇನಾ?"

"ಇಷ್ಟು ದಿನ ಮತ್ತೇನು ಹೇಳ್ತಿದ್ದೆ ನಾನು?"

"ಹಾಕಿಸಿದಳು ಅಂತ ಹೇಳಿದೆ. ಯಾರೋ ದೊಡ್ಡವರ ಹತ್ತಿರ ಹೋಗಿ ಕೇಳಿದಳು, ಅವರು ಒಪ್ಪಿದರು ಅಂದ್ಕೊಂಡಿದ್ದೆ. ಕಾಗದದಲ್ಲಿ ನಾನು ಬರೆದೆ ಅಂದಾಗಲೂ ಹೆದರಿ ಅಂತಿದ್ದಾಳೆ ಅಂದ್ಕೊಂಡೆ. ಈ ಹುಡುಗಿ ಕೂತು ಹೀಗೆ ಬರೆದಳು, ಅಷ್ಟೇನಾ? ಅಷ್ಟೇನಾ ಅದು?"

ಮತ್ತೆ ಅವರೇ, "ನನಗೂ ಬೇಕಿತ್ತು ಸೇತುವೆ. ದೋಣಿಯವನಿಗೆ ಸೇತುವೆ ಬೇಡ ಅಂತ ಯಾರು ಹೇಳಿದ್ದು? ಆ ಹೆಂಗಸು ದಡದಲ್ಲಿ ಮುಲುಗುವಾಗ ಹಗ್ಗ ಹಿಡಿದು ನಿಂತಿದ್ದವನು ನಾನು," ಅಂದರು. ಮಧ್ಯಾಹ್ನ ಹೋಗಿ ಮರಳಿನವನಿಗೆ ಇಲ್ಲ ಎಂದು ಹೇಳಿ, ಅವನಿಂದ ಕೇಳಬಾರದ್ದನ್ನೆಲ್ಲ ಕೇಳಿಸಿಕೊಂಡು ಬಂದರು.

ಹಿಡಿಸದ ವಿಷಯ ಇನ್ನು ಮುಂದೆ. ದೋಣಿಯಲ್ಲಿ ಕೇಳಿದವರೆಲ್ಲ ಈಗ ನಮ್ಮ ಮೇಲೆ ಬಿದ್ದಿದ್ದಾರೆ. ತರಕಾರಿಯವಳು ನನ್ನ ಗೂಡಿನ ಮುಂದೆ ನಿಂತು, "ನಿಮ್ಮ ದೋಣಿ ಓಡಬೇಕು ಅಂತ ನಮ್ಮ ಸೇತುವೆ ಇಲ್ಲ ಮಾಡ್ತಿದ್ದೀರಾ?" ಎಂದು ಕೇಳಿದಳು. ಇಷ್ಟು ದಿನ ನನ್ನ ತಂಗಿ ಹಾಕಿಸಿದಳು ಎಂದು ಮೆರೆದವಳು ನಾನೇ ತಾನೇ. ಈಗ ನನ್ನ ತಂಗಿಯೇ ತೆಗೆಸುತ್ತಿದ್ದಾಳಂತೆ. ಟಿಕೆಟ್ ತೆಗೆದುಕೊಳ್ಳುವಾಗ ಯಾರೂ ಮುಖ ನೋಡುವುದಿಲ್ಲ.

ನಿನ್ನ ಭಾವ ನಿನ್ನ ಬಗ್ಗೆ ಏನೂ ಹೇಳಿಲ್ಲ. ಕೇಳಬೇಡ.

ಅಕ್ಕ


ಏಪ್ರಿಲ್ ೮

ಅಕ್ಕಾ,

ನಾಯಕರು ಭಾನುವಾರ ನಿಮ್ಮ ಕಟ್ಟೆಗೆ ಮತ್ತೆ ಬರುತ್ತಾರೆ. ನಿನ್ನೆ ಅವರ ಮುಂದೆ ಭಾಷಣ ಓದುವುದಿತ್ತು. ಮೇಷ್ಟ್ರು ಓದಿದರು, ನಾನು ಗೋಡೆಗೆ ಒರಗಿ ನಿಂತಿದ್ದೆ. ಮೂರನೆಯದು ಬಂದಾಗ ಬಾಯಿಬಿಟ್ಟೆ.

"ಸರ್, ಆ ಸೇತುವೆ ಇಲ್ಲ."

ಎಲ್ಲರೂ ತಿರುಗಿದರು. ನಾಯಕರು ಬೈಯಲಿಲ್ಲ. ಪ್ರೀತಿಯಿಂದಲೇ, "ಯಾವ ಸೇತುವೆಯಮ್ಮ?" ಎಂದರು. ಅವರಿಗೆ ನೆನಪೇ ಇರಲಿಲ್ಲ. ಮೇಷ್ಟ್ರು "ಮೂರನೆಯದು ಸರ್" ಎಂದು ಬೆರಳಿಟ್ಟು ತೋರಿಸಿದರು.

"ಓ, ಅದಾ. ಚೆನ್ನಾಗಿದೆ, ಇರಲಿ. ನೀನೇನಾ ಬರೆದಿದ್ದು?"

ನಾನು ಮತ್ತೊಮ್ಮೆ ಹೇಳಿದೆ. ಅದು ನನ್ನ ಅಕ್ಕನ ಊರು, ಜನ ನಂಬಿ ದೋಣಿ ಮಾರಲು ಹೊರಟಿದ್ದರು ಎಂದೆ. ಅಷ್ಟು ಉದ್ದದ ಮಾತನ್ನು ಅಷ್ಟು ಜನರ ಮುಂದೆ ನಾನು ಆಡಿದ್ದು ಇದೇ ಮೊದಲು. ಅಲಂಕಾರ ಒಂದೂ ನೆನಪಾಗಲಿಲ್ಲ, ವಾಕ್ಯ ಅರ್ಧಕ್ಕೇ ತುಂಡಾಯಿತು. ನಾಯಕರು ಗಡಿಯಾರ ನೋಡಿ, "ಜನ ಅಷ್ಟು ನಂಬ್ತಾರೆ ಅಂದ್ರೆ ಒಳ್ಳೇದೇ ಅಲ್ವಾ," ಎಂದು ಎದ್ದರು.

ಇವತ್ತಿನಿಂದ ನನ್ನನ್ನು ಪತ್ರಿಕೆ ಕತ್ತರಿಸುವ ಮೇಜಿಗೆ ಹಾಕಿದ್ದಾರೆ. ತಿಂಗಳ ಕೊನೆಗೆ ಅದೂ ಇರುವುದಿಲ್ಲ. ಮೇಷ್ಟ್ರು ಮೆಟ್ಟಿಲ ಹತ್ತಿರ ಸಿಕ್ಕಾಗ, "ಮಾತಾಡಿದ್ದು ಸರಿ, ಆದ್ರೆ ಶುರು ಸರಿ ಇರಲಿಲ್ಲ," ಎಂದರು. ಅವರು ತಮಾಷೆ ಮಾಡಲಿಲ್ಲ, ಈಗ ಗೊತ್ತಾಗುತ್ತದೆ.

ಭಾನುವಾರ ನೀವು ಸಭೆಗೆ ಹೋಗಬೇಡಿ.

ನಿನ್ನ ತಂಗಿ


ಏಪ್ರಿಲ್ ೧೫

ತಂಗೀ,

ಹೋಗಬೇಡಿ ಎಂದರೆ ಹೇಗೆ? ಆಚೆ ದಡದವರನ್ನು ಸಭೆಗೆ ಕರೆತರಬೇಕಾದವರು ನಿನ್ನ ಭಾವನೇ. ಬೆಳಗಿನಿಂದ ದೋಣಿ ತುಂಬಿ ತುಂಬಿ ದಾಟಿಸಿದರು. ಸೇತುವೆಯ ಮಾತು ಕೇಳಲು ಬಂದವರೆಲ್ಲ ನಮ್ಮ ಟಿಕೆಟ್ ತೆಗೆದುಕೊಂಡೇ ಬಂದರು.

ನಾನು ಗೂಡಿನೊಳಗೆ ಕಿವಿ ಮುಚ್ಚಿಕೊಂಡು ಕೂರಬೇಕು ಎಂದುಕೊಂಡಿದ್ದೆ. ಎಲ್ಲ ಗೊತ್ತಿತ್ತು. ಎಲ್ಲಿ ಉಸಿರು, ಎಲ್ಲಿ ಗೀಟು, ಎಲ್ಲ. ಆದರೂ ಶಿಕ್ಷಕರು ಆಗಿ, ಔಷಧಿ ಆಗಿ, ನಾಯಕರು ಒಂದು ಕ್ಷಣ ನಿಂತಾಗ ನನ್ನ ಉಸಿರೂ ಅಲ್ಲೇ ನಿಂತಿತು. ಆಗ ನನ್ನ ಮೇಲೆ ಬಂದಷ್ಟು ಸಿಟ್ಟು ನನಗೆ ನಿನ್ನ ಮೇಲೂ ಬಂದಿರಲಿಲ್ಲ.

ವಾಪಸ್ ಹೋಗುವಾಗ ಜನ ಉಬ್ಬಿಹೋಗಿದ್ದರು. ದೋಣಿಯಲ್ಲಿ ಅರ್ಧ ಜನ ನಿಂತೇ ಇದ್ದರು, ಮೂರನ್ನೂ ಒಟ್ಟಿಗೆ ಕೂಗುತ್ತಿದ್ದರು. ನಡುನೀರಿಗೆ ಬಂದಾಗ ಗಾಳಿ ಎದ್ದಿತು. ಕ್ಷೌರದವನು ಇವರ ಭುಜ ತಟ್ಟಿ, "ಸೇತುವೆ ಆದ ಮೇಲೆ ನಿನ್ನ ಈ ತೊಟ್ಟಿಲಲ್ಲಿ ಯಾರು ಕೂರ್ತಾರೆ ನೋಡೋಣ," ಅಂದ. ಎಲ್ಲರೂ ನಕ್ಕರು.

ಇವರು ಹೇಳಬಹುದಿತ್ತು. ನಿನ್ನ ಹಾಳೆ ಇನ್ನೂ ಅವರ ಜೇಬಿನಲ್ಲೇ ಇತ್ತು, ನನಗೆ ಗೊತ್ತು. ತೆಗೆಯಲಿಲ್ಲ. ನದಿ ನೋಡುತ್ತಲೇ, "ಆಗಲಿ. ಈಗ ಕೂತ್ಕೊಳ್ಳಿ, ಗಾಳಿ ಜೋರಿದೆ," ಅಂದರು.

ಕೂತರು. ಒಬ್ಬೊಬ್ಬರಾಗಿ ಎಲ್ಲರೂ ಹಲಗೆ ಹಿಡಿದುಕೊಂಡು ಕೂತರು.

ಅಕ್ಕ